ಹಳೇ ಐಫೋನ್ 13, ಹೊಸ ಗ್ಯಾಲಕ್ಸಿ ಎ55: ದಾವಣಗೆರೆ ಮಂಡಿ ಕೆಲಸಕ್ಕೆ ಯಾವುದು?

ಹೊಸ ಐಫೋನ್ ಕೈಗೆಟುಕದವರು ಕೊನೆಗೆ ಬಂದು ನಿಲ್ಲುವುದು ಸೆಕೆಂಡ್‌ಹ್ಯಾಂಡ್ ಐಫೋನ್ 13ರ ಮುಂದೆ. ಅದೇ ದುಡ್ಡಿನ ಆಸುಪಾಸಿನಲ್ಲಿ ಸೀಲ್ ಒಡೆಯದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ55 ಸಿಗುತ್ತದೆ. ಎರಡನ್ನೂ ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳ ವ್ಯಾಪಾರಕ್ಕೆ ಹಚ್ಚಿ ನೋಡಿದ ಮೇಲೆ, ದಿನವಿಡೀ ಫೋನಿನಲ್ಲೇ ವ್ಯವಹಾರ ಮಾಡುವವರು ಎ55 ತಗೊಳ್ಳಲಿ ಎಂಬ ಅಭಿಪ್ರಾಯಕ್ಕೆ ಬಂದಿದ್ದೇವೆ. ಕ್ಯಾಮೆರಾ, ವೇಗ ಎರಡರಲ್ಲೂ ಐಫೋನೇ ಮುಂದು. ಆದರೂ ಸಿಮ್ ಮತ್ತು ಕರೆಯ ವಿಚಾರಕ್ಕೆ ಮನಸ್ಸು ತಿರುಗಿತು.

ಮೊದಲು ಸಿಮ್. ಇಲ್ಲಿ ಮಾರುವ ಐಫೋನ್ 13ರಲ್ಲಿ ಒಂದೇ ನ್ಯಾನೋ ಸಿಮ್ ಕೂರುತ್ತದೆ, ಎರಡನೇ ನಂಬರು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರುವ ಸಿಮ್) ಆಗಬೇಕು. ಇ-ಸಿಮ್ ಮಾಡಿಸಿದ ನಂಬರನ್ನು ಬಿಚ್ಚಿ ಇನ್ನೊಂದು ಫೋನಿಗೆ ಹಾಕಲು ಬರುವುದಿಲ್ಲ. ಹಳ್ಳಿಯಲ್ಲಿ ಮಾಲು ನೋಡಲು ಹೋದಾಗ ಚಾರ್ಜ್ ಮುಗಿದರೆ, ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿ ಮಾತಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇ-ಸಿಮ್ ನಂಬರಿಗೆ ಆ ದಾರಿ ಅಲ್ಲಿಗೆ ಮುಚ್ಚಿತು. ಎ55ರ ಟ್ರೇನಲ್ಲಿ ಎರಡು ನ್ಯಾನೋ ಸಿಮ್ ಕೂರುತ್ತವೆ. ಆದರೆ ಮೆಮೊರಿ ಕಾರ್ಡ್ ಹಾಕಿದರೆ ಒಂದು ಸಿಮ್ಮಿನ ಜಾಗ ಹೋಗುತ್ತದೆ, ಇದನ್ನು ಅಂಗಡಿಯವರು ಬಿಡಿಸಿ ಹೇಳುವುದು ಕಡಿಮೆ.

ಇನ್ನು ಕರೆ. ರೇಟು, ಚೀಲದ ಲೆಕ್ಕ, ಲಾರಿ ನಂಬರು ಎಲ್ಲ ಬಾಯಿಮಾತಿನಲ್ಲೇ ಆಗುವ ಕಡೆ ರೆಕಾರ್ಡಿಂಗ್ ಬೇಕು. ಐಫೋನಿನಲ್ಲಿ ಐಓಎಸ್ 18.1ರಿಂದ ಈ ಸೌಲಭ್ಯ ಬಂದಿದೆ. ಪ್ರತಿ ಕರೆಗೂ ಒತ್ತಿಯೇ ಶುರು ಮಾಡಬೇಕು, ಒತ್ತಿದ ಕೂಡಲೇ ಇಬ್ಬರಿಗೂ ಇಂಗ್ಲಿಷಿನಲ್ಲಿ ಘೋಷಣೆ ಕೇಳಿಸುತ್ತದೆ, ಧ್ವನಿ ನೋಟ್ಸ್ ಆ್ಯಪಿಗೆ ಹೋಗಿ ಕೂರುತ್ತದೆ. ಘೋಷಣೆ ಕೇಳಿದ ರೈತ ಮಾತು ನಿಲ್ಲಿಸಿ 'ಏನ್ರೀ ಅದು?' ಎನ್ನುತ್ತಾನೆ. ಸ್ಯಾಮ್‌ಸಂಗ್‌ನ ಸ್ವಂತ ಫೋನ್ ಆ್ಯಪಿನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ 'ರೆಕಾರ್ಡ್ ಕಾಲ್ಸ್' ತೆರೆದು 'ಆಟೋ ರೆಕಾರ್ಡ್ ಕಾಲ್ಸ್' ಆನ್ ಮಾಡಿಟ್ಟರೆ ಎಲ್ಲ ಕರೆಯೂ ತಾನಾಗಿ ಉಳಿಯುತ್ತದೆ. ಗೂಗಲ್ ಡಯಲರ್‌ನಲ್ಲಿ (ಗೂಗಲ್‌ನ ಕರೆ ಮಾಡುವ ಆ್ಯಪ್) ರೆಕಾರ್ಡ್ ಮಾಡಿದರೆ ಅಲ್ಲೂ ಘೋಷಣೆ ಬರುತ್ತದೆ, ಹಾಗಾಗಿ ಡಯಲರ್ ಬದಲಿಸಬೇಡಿ. ಫೋನ್ ಹೇಳದಿದ್ದರೂ ರೆಕಾರ್ಡ್ ಆಗುತ್ತಿದೆ ಎಂದು ಎದುರಿನವರಿಗೆ ನೀವೇ ಹೇಳಿಬಿಡಿ, ವ್ಯವಹಾರದಲ್ಲಿ ಅದು ಮರ್ಯಾದೆ.

ಬ್ಯಾಟರಿಯಲ್ಲಿ ಪೈಪೋಟಿಯೇ ಇಲ್ಲ. ಐಫೋನ್ 13ರದು ಸುಮಾರು 3,240 ಎಂಎಎಚ್, ಅದೂ ಬಳಸಿ ಸವೆದದ್ದು. ಎ55ರದು ಹೊಸದು, 5,000. ಬಿಸಿಲಿನ ಮಾತು ಬೇರೆ. ಐಫೋನನ್ನು 35 ಡಿಗ್ರಿಯೊಳಗೆ ಬಳಸಿ ಎನ್ನುವುದು ಆಪಲ್‌ನದೇ ಸೂಚನೆ. ಏಪ್ರಿಲ್‌ನಲ್ಲಿ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ಎಲ್ಲವೂ ಅದನ್ನು ದಾಟುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮ್ಯಾಪ್ ಹಾಕಿ ಚಾರ್ಜಿಗೂ ಇಟ್ಟರೆ ಸ್ಕ್ರೀನ್ ಮಂಕಾಗಿ ಚಾರ್ಜ್ ನಿಲ್ಲುತ್ತದೆ. ಎ55 ಸಹ ಬಿಸಿಯಾಗುತ್ತದೆ, ಈ ವಿಷಯದಲ್ಲಿ ಯಾವುದನ್ನೂ ಹೊಗಳಲಾರೆವು.

ಮದುವೆ, ರೀಲ್ಸ್ ವಿಡಿಯೋ ನಿಮ್ಮ ಹೊಟ್ಟೆಪಾಡಾದರೆ ಐಫೋನೇ ಇರಲಿ: 4ಕೆ ವಿಡಿಯೋ ಸೆಕೆಂಡಿಗೆ 60 ಫ್ರೇಮ್ ಸಿಗುತ್ತದೆ, ಎ55ರಲ್ಲಿ 30. ಜೇಬಿನಲ್ಲಿ ಹಗುರವೂ ಅದೇ; 174 ಗ್ರಾಂ ಎದುರು ಎ55 ತೂಗುವುದು 213.

ಹಳೇ ಐಫೋನ್ ತಗೊಳ್ಳುವುದೇ ಸೈ ಎಂದರೆ ಹಣ ಕೊಡುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ. ಬಿಡಿಭಾಗದ ಮುಂದೆ 'ಅನ್‌ನೋನ್ ಪಾರ್ಟ್' ಎಂದಿದ್ದರೆ ಅದು ಅಸಲಿ ಎನ್ನುವ ಖಾತ್ರಿ ಇಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟ್ರೂ ಟೋನ್ (ಸುತ್ತಲ ಬೆಳಕಿಗೆ ತಕ್ಕಂತೆ ಸ್ಕ್ರೀನ್ ಬಣ್ಣ ಹೊಂದಿಸುವ) ಆಯ್ಕೆ ಕಾಣದಿದ್ದರೆ ಸ್ಕ್ರೀನ್ ಬದಲಾಗಿರುವ ಸಂಭವ ಹೆಚ್ಚು. ಬ್ಯಾಟರಿ ಹೆಲ್ತ್ ಶೇ 80ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಖರ್ಚು ಲೆಕ್ಕಕ್ಕೆ ಹಿಡಿಯಿರಿ. 2021ರ ಮಾಡೆಲ್ ಇನ್ನೂ ಶೇ 100 ತೋರಿಸಿದರೆ ಬ್ಯಾಟರಿ ಯಾವಾಗ, ಎಲ್ಲಿ ಬದಲಾಯಿತು ಎಂದು ಬಿಲ್ ಸಮೇತ ಕೇಳಿ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ನಂಬರನ್ನು (ಪ್ರತಿ ಫೋನಿನ ಗುರುತಿನ ಸಂಖ್ಯೆ) 'ಕೆವೈಎಂ' (KYM) ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಜಾಗ ಬಿಟ್ಟು ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ. ಕದ್ದ ಮಾಲೆಂದು ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಮಾರುವವರು ನಿಮ್ಮೆದುರೇ ಆಪಲ್ ಐಡಿಯಿಂದ ಸೈನ್ ಔಟ್ ಆಗಲಿ. 'ಆಮೇಲೆ ಪಾಸ್‌ವರ್ಡ್ ಕಳಿಸ್ತೀನಿ' ಅಂದರೆ ಎದ್ದು ಬನ್ನಿ.

ಐಫೋನ್ ಬಿಟ್ಟು ಎ55ಕ್ಕೆ ಬರುವವರು ಎಡವುವುದು ವಾಟ್ಸ್ಆ್ಯಪ್‌ನಲ್ಲಿ. ಐಕ್ಲೌಡ್ (ಆಪಲ್‌ನ ಆನ್‌ಲೈನ್ ಸಂಗ್ರಹ) ಬ್ಯಾಕಪ್ ಆಂಡ್ರಾಯ್ಡ್‌ಗೆ ಓದಲು ಬರುವುದಿಲ್ಲ. ಲೈಟ್ನಿಂಗ್‌ನಿಂದ ಟೈಪ್-ಸಿಗೆ ಹೋಗುವ ಕೇಬಲ್ ಬೇಕು, ಮತ್ತು ಎ55 ಇನ್ನೂ ಮೊದಲ ಸೆಟಪ್ ಹಂತದಲ್ಲೇ ಇರಬೇಕು. ಸೆಟಪ್ ಮುಗಿಸಿ ನಾಲ್ಕು ದಿನ ಬಳಸಿದ ಮೇಲೆ ನೆನಪಾದರೆ ಫೋನ್ ಪೂರ್ತಿ ರೀಸೆಟ್ ಮಾಡಿ ಮತ್ತೆ ಶುರು ಮಾಡಬೇಕಾಗುತ್ತದೆ. ನಂಬರು ಎರಡೂ ಕಡೆ ಒಂದೇ ಇರಲಿ. ಚಾಟ್, ಫೋಟೋ ಬರುತ್ತವೆ. ವಾಟ್ಸ್ಆ್ಯಪ್ ಕರೆಗಳ ಪಟ್ಟಿ ಬರುವುದಿಲ್ಲ. ಸಿಮ್ ತೆಗೆಯುವ ಮುಂಚೆ ಐಮೆಸೇಜ್ (ಐಫೋನುಗಳ ನಡುವಿನ ಮೆಸೇಜ್ ಸೇವೆ) ಆಫ್ ಮಾಡಿ, ಇಲ್ಲವಾದರೆ ಬೇರೆ ಐಫೋನಿನವರು ಕಳಿಸುವ ಮೆಸೇಜು ಹಳೇ ಫೋನಿಗೇ ಹೋಗುತ್ತಿರುತ್ತದೆ. ಎಲ್ಲ ಬಂದಿದೆ ಎಂದು ಒಂದು ವಾರ ನೋಡಿಕೊಂಡು, ಆಮೇಲೆ 'ಫೈಂಡ್ ಮೈ' (ಕಳೆದ ಐಫೋನ್ ಹುಡುಕುವ ಸೌಲಭ್ಯ) ಆಫ್ ಮಾಡಿ, ಅಳಿಸಿ, ಮಾರಿ.