ಬೋಲ್ಟ್ ಎಕ್ಸ್‌ಟ್ರಾಕ್ಟರ್ ಸಾಕೆಟ್ ಸೆಟ್: ಮೂಲೆ ಸವೆದ ಬೋಲ್ಟು ಕೊನೆಗೂ ಬಂತು

ನಮ್ಮ ಮನೆ ಕುಂದಾಪುರದ ಕಡೆ. ಕಾರು ದಿನಾ ಮರವಂತೆ ದಾಟಬೇಕು, ಅಲ್ಲಿ ಹೆದ್ದಾರಿ ಪಕ್ಕದಲ್ಲೇ ಸಮುದ್ರ. ಉಪ್ಪುಗಾಳಿ, ಮಳೆನೀರು, ಸಾಲದ್ದಕ್ಕೆ ಸೈಲೆನ್ಸರ್ ದಿನಾ ಕಾದು ತಣ್ಣಗಾಗುವುದು, ಇಷ್ಟೂ ಸೇರಿದರೆ ಅಡಿಯ ಬೋಲ್ಟುಗಳ ಗತಿ ಏನು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ನನ್ನ ಹಳೇ ಆಲ್ಟೋದ ಸೈಲೆನ್ಸರ್ ಜಾಯಿಂಟಿನಲ್ಲಿ ಲೀಕ್ ಇತ್ತು. ಎರಡು ಬೋಲ್ಟ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದರೆ ಮುಗೀತು. ಒಂದು ಬಂತು. ಇನ್ನೊಂದಕ್ಕೆ ಹಿಂದೆ ಯಾರೋ ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ ಎಳೆದು ಎಳೆದು ತಲೆಯನ್ನೇ ಉರುಟು ಮಾಡಿದ್ದರು. 14 ಎಂಎಂ ಸ್ಪ್ಯಾನರ್ ಸುಮ್ನೆ ಸುತ್ತುತ್ತದೆ, 13ರದ್ದು ಕೂರುವುದೇ ಇಲ್ಲ. ಕಚ್ಚಿ ಹಿಡಿಯುವ ವೈಸ್ ಗ್ರಿಪ್ ಇಕ್ಕಳವೂ ಜಾರಿತು. ತುಕ್ಕು ಹಿಡಿದ ಬೋಲ್ಟಿಗೆ ಮೊದಲ ದಿನವೇ ಆರು ಮೂಲೆಯ ಸಾಕೆಟ್ ಹಾಕಬೇಕು, ಅದು ಮೂಲೆಗೆ ಒತ್ತುವುದಿಲ್ಲ, ಚಪ್ಪಟೆ ಬದಿಗೆ ಒತ್ತುತ್ತದೆ. ಇಷ್ಟು ಮಾಡಿದ್ದರೆ ಈ ಕಷ್ಟವೇ ಇರುತ್ತಿರಲಿಲ್ಲ, ಬೇಜಾರಾಗುತ್ತದೆ.

ಆಮೇಲೆ ಆನ್‌ಲೈನಿನಲ್ಲಿ ಈ ಸೆಟ್ ತರಿಸಿದೆ. ನೋಡಲು ಮಾಮೂಲಿ ಸಾಕೆಟ್ ತರಹವೇ, ಆದರೆ ಒಳಗೆ ಬೆರಳಾಡಿಸಿದರೆ ಓರೆಯಾಗಿ ತಿರುಚಿದ ಹಲ್ಲುಗಳು ಸಿಗುತ್ತವೆ. ಎಡಕ್ಕೆ ತಿರುಗಿಸಿದಷ್ಟೂ ಅವು ಬೋಲ್ಟಿನ ತಲೆಯನ್ನು ಇನ್ನೂ ಗಟ್ಟಿಯಾಗಿ ಕಚ್ಚುತ್ತವೆ.

ಹಿಂದಿನ ರಾತ್ರಿ ವೈರ್ ಬ್ರಷ್ಷಿನಿಂದ ತುಕ್ಕು ಉಜ್ಜಿ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಹೊಡೆದು ಬಿಟ್ಟೆ. (ಮನೆಯಲ್ಲಿ ಡಬ್ಲ್ಯೂಡಿ-40 ಇದ್ದರೆ ಅದನ್ನೂ ಹೊಡೆಯಬಹುದು, ಆದರೆ ಅದು 1953ರಲ್ಲಿ ನೀರನ್ನು ದೂರವಿಟ್ಟು ತುಕ್ಕು ತಡೆಯಲು ಮಾಡಿದ್ದು. ಹಿಡಿದುಕೊಂಡ ಬೋಲ್ಟಿಗೆ ಅಂತಲೇ ಬರುವ ಎಣ್ಣೆ ಜಾಸ್ತಿ ಒಳ್ಳೆಯದು.) ಬೆಳಿಗ್ಗೆ 13ರ ಎಕ್ಸ್‌ಟ್ರಾಕ್ಟರ್ ಇಟ್ಟು ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ಕೊಟ್ಟೆ. ಮೊದಲು ಟಣ್ ಟಣ್ ಅಂತಿದ್ದ ಸದ್ದು ಆಮೇಲೆ ದಪ್ಪಗಾಯಿತು, ಪೂರ್ತಿ ಕೂತಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಉದ್ದ ಹಿಡಿ ಹಾಕಿ ಜಗ್ಗದೆ ನಿಧಾನವಾಗಿ ಭಾರ ಬಿಟ್ಟೆ. ಟಕ್! ಕೆಂಪು ಪುಡಿ ಉದುರಿತು. ಕಾಲು ಸುತ್ತು ಬಿಚ್ಚಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಎಣ್ಣೆ ಬಿಟ್ಟು, ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೊರಗೆ ತಂದೆ. ಥ್ರೆಡ್ ಹಾಳಾಗಲಿಲ್ಲ, ಎಷ್ಟು ಖುಷಿಯಾಯಿತು ಗೊತ್ತಾ!

ಕೊರತೆಗಳೂ ಇವೆ. ಬಂದ ಬೋಲ್ಟು ಸಾಕೆಟ್ಟಿನೊಳಗೇ ಸಿಕ್ಕಿಕೊಳ್ಳುತ್ತದೆ, ಹಿಂದಿನ ತೂತಿನಿಂದ ಪಂಚ್ ಇಟ್ಟು ಹೊಡೆದು ತೆಗೆಯಬೇಕು. ಅಳತೆಯ ನಂಬರ್ ತೀರಾ ಮಸುಕು. ಆ ಬೋಲ್ಟನ್ನು ಮತ್ತೆ ಹಾಕಲು ಬರುವುದಿಲ್ಲ, ಹೊಸದು ಮೊದಲೇ ತಂದಿಟ್ಟುಕೊಳ್ಳಿ.

ತಲೆಯೇ ಮುರಿದು ಹೋಗಿದ್ದರೆ ಈ ಸೆಟ್ ತಗೊಂಡು ಪ್ರಯೋಜನ ಇಲ್ಲ. ತೂತು ಕೊರೆದು ಒಳಗೆ ತಿರುಗಿಸುವ ಬೇರೆ ಥರದ ಎಕ್ಸ್‌ಟ್ರಾಕ್ಟರ್ ಬರುತ್ತದೆ, ಅನುಭವ ಇಲ್ಲದವರು ಅದನ್ನು ಮುಟ್ಟಬೇಡಿ. ಅದು ತುಂಬಾ ಗಡುಸು ಉಕ್ಕು, ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟಿಗೆ ಜಗ್ಗುವುದಿಲ್ಲ. ಅಂಥದ್ದಕ್ಕೆ ಒಳ್ಳೆ ವೆಲ್ಡಿಂಗ್ ಅಂಗಡಿಗೆ ಹೋಗಿ. ಮುರಿದ ತುದಿಯ ಮೇಲೆ ನಟ್ ಇಟ್ಟು ಬೆಸೆದರೆ ಆ ಬಿಸಿಗೇ ತುಕ್ಕಿನ ಹಿಡಿತ ಸಡಿಲವಾಗುತ್ತದೆ, ನಟ್ ಹಿಡಿದು ತಿರುಗಿಸಿದರೆ ಎಷ್ಟೋ ಸಲ ಬಂದುಬಿಡುತ್ತದೆ.

ಜಾಕ್ ಒಂದನ್ನೇ ನಂಬಿ ಕಾರಿನಡಿ ಮಲಗಬೇಡಿ, ಸ್ಟ್ಯಾಂಡ್ ಇಟ್ಟೇ ಇಡಿ. ಹೊಸ ಬೋಲ್ಟಿಗೆ ತಾಮ್ರದ ಆಂಟಿ ಸೀಝ್ (ಬೋಲ್ಟು ಹಿಡಿದುಕೊಳ್ಳದಂತೆ ಹಚ್ಚುವ ಪೇಸ್ಟ್) ಸವರಿ ಹಾಕಿದ್ದೇನೆ.