ವಿಪಿಎಸ್ ಬಾಡಿಗೆಗೆ ತೆಗೆದುಕೊಳ್ಳುವವರೇ, 8 ಜಿಬಿ ಅಂದರೆ 8 ಜಿಬಿ ಅಂತ ನಂಬಬೇಡಿ

ಮೂರು ರಾತ್ರಿ ನಿದ್ದೆ ಇಲ್ಲ. ದುಡ್ಡೂ ಹೋಯಿತು, ಗಿರಾಕಿಗಳ ಮುಂದೆ ಮಾನವೂ ಹೋಯಿತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸಲು ಒಂದು ವಿಪಿಎಸ್, ಅಂದರೆ ಕಂಪನಿಯ ದೊಡ್ಡ ಸರ್ವರ್‌ನಲ್ಲಿ ಓಡುವ ಒಂದು ವರ್ಚುವಲ್ ಮಷೀನ್, ಬಾಡಿಗೆಗೆ ತೆಗೆದುಕೊಂಡೆ. ಲಿನಕ್ಸ್‌ನ ಕೆವಿಎಂ ತಂತ್ರದ್ದು. 8 ಜಿಬಿ ರ‍್ಯಾಮ್. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಬಫರ್ ಪೂಲ್‌ಗೆ (ಡೇಟಾವನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) 4 ಜಿಬಿ ಕೊಟ್ಟಿದ್ದೆ. 8ರಲ್ಲಿ 4, ಜಾಸ್ತಿ ಏನಲ್ಲ ಅಲ್ವಾ? ಆದರೂ ಸಂಜೆ 7ಕ್ಕೆ, ಅಂಗಡಿಯವರು ಬಿಲ್ ಹಾಕುವ ಹೊತ್ತಿಗೇ, ಡೇಟಾಬೇಸ್ ಸತ್ತುಹೋಗುತ್ತಿತ್ತು. ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’. ಮೆಮೊರಿ ಸಾಲದೆ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡೇಟಾಬೇಸನ್ನು ಕೊಂದಿತ್ತು.

ಸಪೋರ್ಟ್‌ನವರ ಉತ್ತರ: “ನಿಮ್ಮ ಕೋಡ್‌ನಲ್ಲಿ ಲೀಕ್ ಇರಬೇಕು ಸರ್, 16 ಜಿಬಿ ಪ್ಲಾನ್‌ಗೆ ಹೋಗಿ.” ಲೀಕ್ ಅಂದರೆ ಪ್ರೋಗ್ರಾಂ ಹಿಡಿದ ಮೆಮೊರಿಯನ್ನು ವಾಪಸ್ ಬಿಡದಿರುವುದು. ನಂಬಿದೆ. ದುಡ್ಡು ಕಟ್ಟಿದೆ. ಜೊತೆಗೆ ಕೆಲಸ ಮಾಡುವ ಹುಡುಗನಿಗೆ ಬೈದೂಬಿಟ್ಟೆ. ಅವನದೇನೂ ತಪ್ಪಿರಲಿಲ್ಲ.

ಮಾರನೇ ಸಂಜೆ ಮತ್ತೆ ಅದೇ! ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್ ಹೊಡೆದು ನೋಡುತ್ತಾ ಕೂತೆ. ನಾವೆಲ್ಲ ನೋಡುವುದು ಯೂಸ್ಡ್, ಅವೈಲಬಲ್ ಅಷ್ಟೇ. ಅವತ್ತು ಮೊದಲ ಕಾಲಂ ಮೇಲೆ ಕಣ್ಣು ಬಿತ್ತು. ಟೋಟಲ್. ಬೆಳಗ್ಗೆ 15.6 ಜಿಬಿ ಇದ್ದದ್ದು 9. ಹತ್ತು ನಿಮಿಷ ಬಿಟ್ಟು 4.7. ಬಳಕೆ ಏರಿದ್ದಲ್ಲ, ಒಟ್ಟು ರ‍್ಯಾಮೇ ಕರಗುತ್ತಿತ್ತು. ದುಪ್ಪಟ್ಟು ಕಟ್ಟಿದ ದುಡ್ಡಿಗೆ 4.7! ಮೈಯೆಲ್ಲ ಉರಿದುಹೋಯಿತು.

ಲೋಡ್ ಆಗಿರುವ ಡ್ರೈವರ್‌ಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಕಮಾಂಡ್‌ನಲ್ಲಿ ನೋಡಿದರೆ ವರ್ಟಿಯೋ ಬಲೂನ್ ಡ್ರೈವರ್ ಕೂತಿದೆ. ಹೋಸ್ಟ್, ಅಂದರೆ ಕಂಪನಿಯ ದೊಡ್ಡ ಸರ್ವರ್, ಹೇಳಿದಷ್ಟು ಮೆಮೊರಿಯನ್ನು ಅದು ನಮ್ಮ ಮಷೀನಿನ ಒಳಗೇ ಹಿಡಿದುಕೊಂಡು ಉಬ್ಬುತ್ತದೆ. ಆ ಜಾಗವನ್ನು ಹೋಸ್ಟ್ ಬೇರೆಯವರಿಗೆ ಕೊಡುತ್ತದೆ. ವರ್ಚುವಲ್ ಮಷೀನ್ ಸಾಫ್ಟ್‌ವೇರ್ ಕಂಪನಿ ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲೇ ಪ್ರಬಂಧದಲ್ಲಿ ವಿವರಿಸಿದ ಉಪಾಯ ಇದು. ಉಪಾಯ ಒಳ್ಳೆಯದೇ, ಯಾವ ಮೆಮೊರಿ ಬಿಟ್ಟುಕೊಡಬಹುದು ಅಂತ ಹೋಸ್ಟ್‌ಗಿಂತ ಗೆಸ್ಟ್‌ಗೆ, ಅಂದರೆ ನಮ್ಮ ಮಷೀನಿಗೆ, ಚೆನ್ನಾಗಿ ಗೊತ್ತು. ಆದರೆ ಇರುವುದಕ್ಕಿಂತ ಜಾಸ್ತಿ ಮಾರಿ, ಕೆಲಸದ ಹೊತ್ತಲ್ಲಿ ಕಿತ್ತುಕೊಳ್ಳುವುದಕ್ಕಲ್ಲ.

ಸ್ಕ್ರೀನ್‌ಶಾಟ್ ಕಳಿಸಿದೆ. ಲೀಕ್ ಮಾತೇ ಇಲ್ಲ ಈಗ! “ಇದೆಲ್ಲ ಎಲ್ಲ ಕಡೆ ಇರೋದೇ ಸರ್. 16 ಜಿಬಿ ಅಂದರೆ ಗರಿಷ್ಠ 16 ಜಿಬಿ.” ಗರಿಷ್ಠ ಅಂತ ದುಡ್ಡು ತೆಗೆದುಕೊಳ್ಳುವಾಗ ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರ ಇಲ್ಲ.

ಕನಿಷ್ಠ ಎಷ್ಟು ರ‍್ಯಾಮ್ ಗ್ಯಾರಂಟಿ ಅಂತ ಬರಹದಲ್ಲೇ ಕೇಳಿ. ಟೋಟಲ್ ಕಾಲಂ ಐದೈದು ನಿಮಿಷಕ್ಕೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕಮಾಂಡ್ ಓಡಿಸುವ ಸಾಧನ) ಬರೆದಿಟ್ಟುಕೊಳ್ಳಿ. ವಿಎಂವೇರ್ ಆದರೆ ಪೂರ್ತಿ ರಿಸರ್ವೇಶನ್, ಅಂದರೆ ಅಷ್ಟೂ ರ‍್ಯಾಮ್ ನಮಗೇ ಮೀಸಲು, ಕೇಳಿ. ಸಿಟ್ಟಿಗೆ ಡ್ರೈವರ್ ಕಿತ್ತುಹಾಕಬೇಡಿ. ಬಲೂನ್ ಇಲ್ಲದೆ ಹೋಸ್ಟ್ ಸ್ವ್ಯಾಪ್‌ಗೆ (ರ‍್ಯಾಮ್ ಬದಲು ನಿಧಾನದ ಡಿಸ್ಕ್ ಬಳಸುವುದಕ್ಕೆ) ಇಳಿದರೆ ಇನ್ನೂ ನರಕ.

ರೀಫಂಡ್ ಟಿಕೆಟ್ಟನ್ನು ನಿನ್ನೆ ಅವರೇ ಕ್ಲೋಸ್ ಮಾಡಿದ್ದಾರೆ. ಇವತ್ತು ಮತ್ತೆ ತೆರೆದಿದ್ದೇನೆ.