ಹೇಳಿದ ಬೆಲೆಗೆ ಏನು ಉತ್ತರ ಕೊಡುವುದು: ಚೌಕಾಸಿ, ವಿಚಾರಣೆ, ಟೋಕನ್

ಹಳೇ ಕಾರಿಗೆ ಮಾಲೀಕರು 3 ಲಕ್ಷ ಹೇಳಿದ್ದಾರೆ, ಏನನ್ನಲಿ ಎಂದು ಕೇಳಿದ್ದೀರಿ.

ಮೊದಲು ಗಾಡಿ ಕೈತಪ್ಪುವ ಭಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. “ಎರಡೂಮುಕ್ಕಾಲಿಗೆ ಕೊಡಿ” ಅಂದರೆ ಅದು ನಿಮ್ಮ ಹೊಸ ಪ್ರಸ್ತಾಪ. ಅವರ 3 ಲಕ್ಷದ ಮಾತು ಅಲ್ಲಿಗೆ ಬಿದ್ದುಹೋಯಿತು. 1840ರ ಇಂಗ್ಲೆಂಡಿನ ಹೈಡ್–ರೆಂಚ್ ಮೊಕದ್ದಮೆಯಲ್ಲಿ ಆದದ್ದೂ ಇದೇ. ರೆಂಚ್ ಜಮೀನಿಗೆ 1000 ಪೌಂಡ್ ಹೇಳಿದ. ಹೈಡ್ 950 ಅಂದ. ರೆಂಚ್ ಒಲ್ಲೆ ಅಂದ. ಆಮೇಲೆ ಹೈಡ್ ಸಾವಿರಕ್ಕೇ ಒಪ್ಪಿದರೂ ಕರಾರೇ ಆಗಿಲ್ಲ ಎಂದಿತು ಕೋರ್ಟ್. ನಮ್ಮ 1872ರ ಕರಾರು ಕಾಯ್ದೆಯೂ ಒಪ್ಪಿಗೆ ಪೂರ್ತಿ ಇರಬೇಕು, ಷರತ್ತು ಸೇರಿಸಬಾರದು ಎನ್ನುತ್ತದೆ.

“ಎರಡು ಕಂತಲ್ಲಿ ಕೊಟ್ಟರೆ ನಡೆಯುತ್ತಾ?” ಎಂದು ಸುಮ್ನೆ ವಿಚಾರಿಸಿದರೆ ಹಾಗಾಗದು. ಅದು ತಿರಸ್ಕಾರವಲ್ಲ, ಬರೀ ಪ್ರಶ್ನೆ ಅಲ್ವಾ? ಆದರೆ ನೀವು ಒಪ್ಪಿಗೆ ಹೇಳುವ ಮುಂಚೆ ಅವರು ಮಾತು ಹಿಂದಕ್ಕೆ ತೆಗೆದುಕೊಳ್ಳಬಹುದು. “ಒಂದು ವಾರ ಕಾಯ್ತೀನಿ” ಎಂದು ಬಾಯಲ್ಲಿ ಹೇಳಿದ್ದನ್ನೇ ನಂಬಿ ಕೂರಬೇಡಿ. ಕಾಯುವುದಕ್ಕೇ ಅಂತ ಟೋಕನ್, ಅಂದರೆ ಸ್ವಲ್ಪ ಮುಂಗಡ ಹಣ, ಕೊಟ್ಟರೆ ಆ ಮಾತಿಗೆ ಬಲ ಬರುತ್ತದೆ.

ಖರ್ಚು? ಚೌಕಾಸಿಯಲ್ಲಿ ದುಡ್ಡು ಉಳಿಯಬಹುದು, ಟೋಕನ್ ಹೋಗಲೂಬಹುದು.

ಅಂಥದ್ದೇ ಗಾಡಿ ಬೇರೆ ಕಡೆ ಸಿಗುತ್ತದಾ? ಧೈರ್ಯವಾಗಿ ಚೌಕಾಸಿ ಮಾಡಿ. ಇದೇ ಬೇಕು, ಆದರೆ ಕಂತಿನ ವಿಷಯ ಗೊತ್ತಾಗಬೇಕು ಅಂದರೆ ಮೊದಲು ವಿಚಾರಿಸಿ. ಸಾಲ ಮಂಜೂರಾಗಲು ದಿನ ಹಿಡಿಯುವುದಾದರೆ ಟೋಕನ್ ಒಳ್ಳೆಯದು. ಎಷ್ಟು ದಿನಕ್ಕೆ, ಬೇಡವಾದರೆ ವಾಪಸ್ ಎಷ್ಟು, ಎರಡನ್ನೂ ಬರೆಸಿ ಸಹಿ ಹಾಕಿಸಿಕೊಳ್ಳಿ.